ಮೈಕಿಗೆ ಓಡಿಬಂದ ಬಂಧುಗಳು

ತೊಂಬತ್ತರ ದಶಕದಲ್ಲಿ, ನನ್ನ ವಯಸ್ಸು ಮೂವತ್ತರ ಆಸುಪಾಸಿನಲ್ಲಿದ್ದಾಗ, ದೇವಸಮುದ್ರದ ಹತ್ತಿರದ ಅಪ್ಪನ ಹೊಲದಲ್ಲಿ ನಾನು ಕುರಿ ಸಾಕಲು ಹೊರಟಾಗ ಚಳ್ಳಕೆರೆಯ ನಮ್ಮ ನೆಂಟರೆಲ್ಲ ಅದನ್ನೊಂದು ಹಾಬಿ ಅಂದುಕೊಂಡರು. ಎಣ್ಣೆ ಮಿಲ್ಲಿನ ಮನೆಯ ಹುಡುಗಿ, ಕಾನ್ವೆಂಟಿನ ನನ್‌ಗಳ ಹತ್ತಿರ ಪಿಯಾನೊ ಕಲಿತವಳು, ಕುರಿ ಹಿಂದೆ ಎಷ್ಟು ದಿನ ಹೋದಾಳು? ನನಗೋ ಆಗಿನಂಥ ಖುಷಿ ಆಮೇಲೆ ಎಲ್ಲೂ ಸಿಕ್ಕಿಲ್ಲ. ಬೆಳಿಗ್ಗೆ ದೊಡ್ಡಿಯ ಮುಳ್ಳುಬೇಲಿ ಸರಿಸಿದರೆ ಸಾಕು, ಸ್ಕೂಲ್ ಬೆಲ್ ಹೊಡೆದ ಹಾಗೆ ಎಲ್ಲವೂ ಒಮ್ಮೆಗೇ ಹೊರಗೆ. ಅವುಗಳ ನಡುವೆ ನಾನೂ.

ನನಗೆ ಕೆಲಸ ಕಲಿಸಿದ್ದು ಪಕ್ಕದ ದೊಡ್ಡಿಯ ಅಕ್ಕ. ಕುರಿಗಳನ್ನು ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಮುದ್ದು ಮಾಡುವವಳು. ಹಿಂದಿನ ವರ್ಷ ಮಳೆಗಾಲಕ್ಕೆ ಮುಂಚೆ ಸೂಜಿ ಹಾಕಿಸಲು ಮೊಳಕಾಲ್ಮುರಿಗೆ ಮಂದೆ ಹೊಡೆದುಕೊಂಡು ಹೋಗಿ, ಬಿಸಿಲಿಗೆ ದಾರಿಯಲ್ಲೇ ಮರಿಗಳನ್ನು ಕಳೆದುಕೊಂಡಿದ್ದಳು. ಸೂಜಿ ಹಾಕಿಸದಿದ್ದರೆ ರೋಗ ಬಿಡದು, ಹಾಕಿಸಲು ಹೊರಟರೆ ಬಿಸಿಲು ಬಿಡದು. "ಈ ಸಲ ನಾನಂತೂ ಹೋಗಲ್ಲ, ಸೂಜೀನೇ ಇಲ್ಲಿಗೆ ಬರ್ಲಿ" ಎಂದು ಹಟ ಹಿಡಿದಳು. ಹಾಗೆಂದು ದುರ್ಗದ ಪಶು ಇಲಾಖೆಯ ಸಾಹೇಬರನ್ನು ಕೇಳಬೇಕಿತ್ತು. ಅವರು ಬರುವ ಸಭೆಯಲ್ಲಿ ಮಾತಾಡಲು ಕುರಿಗಾರರೆಲ್ಲ ಸೇರಿ ನನ್ನನ್ನು ಮುಂದೆ ದೂಡಿದರು.

"ನಾನಾ?" ಅಂದೆ.

"ಮತ್ತಿನ್ಯಾರ್ರಿ ಕಾನ್ವೆಂಟಮ್ಮ," ಅಂದಳು ಅಕ್ಕ. "ಅಷ್ಟು ಫೀಸು ಕಟ್ಟಿ ಕಲ್ತಿದ್ದು ಕುರಿ ಮುಂದೆ ಒದರೋಕಾ?"

ಪ್ರಾಕ್ಟೀಸಿಗೆ ಒದರಿದ್ದಂತೂ ಕುರಿಗಳ ಮುಂದೆಯೇ. ವಾಯ್ಸ್ ಲಾಸ್ಟ್ ಬೆಂಚಿಗೆ ಮುಟ್ಟಬೇಕು ಎನ್ನುತ್ತಿದ್ದರು ಕಾನ್ವೆಂಟಿನಲ್ಲಿ ಭಾಷಣ ಕಲಿಸುತ್ತಿದ್ದ ನಮ್ಮ ಎಲೊಕ್ಯೂಷನ್ ಸಿಸ್ಟರ್. ದಿನಾ ಸಂಜೆ ನಮ್ಮ ಮಿಲ್ಲಿನ ಶೇಂಗಾ ಹಿಂಡಿಯ ಬಕೆಟ್ ಹಿಡಿದು, ಬಯಲಿನ ಆ ತುದಿಯಲ್ಲಿ ಮೇಯುತ್ತಿದ್ದ ಟಗರನ್ನೇ ಲಾಸ್ಟ್ ಬೆಂಚ್ ಮಾಡಿಕೊಂಡು, "ಮಾನ್ಯ ಮಹನೀಯರೇ, ನನ್ನ ಪ್ರೀತಿಯ ಬಂಧುಗಳೇ" ಎಂದು ಶುರು ಮಾಡುತ್ತಿದ್ದೆ. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಮಂದೆಯೆಲ್ಲ ನನ್ನ ಸೀರೆಗೆ ಒತ್ತಿ ನಿಂತಿರುತ್ತಿತ್ತು. ಹಿಂಡಿ ಹಂಚುತ್ತಲೇ ಭಾಷಣ ಮುಗಿಸುತ್ತಿದ್ದೆ.

ಸಭೆ ನಡೆದದ್ದು ಊರಾಚೆಯ ಬೇವಿನ ಮರದ ಪಕ್ಕ, ಶಾಮಿಯಾನದಡಿ. ಅಕ್ಕನ ಯಜಮಾನರು ನಮ್ಮ ಎರಡೂ ಮಂದೆಗಳನ್ನು ರಸ್ತೆಯಾಚೆಯ ಬೀಳಿನಲ್ಲಿ ಮೇಯಿಸುತ್ತಿದ್ದರು. ನಮ್ಮ ಬೇಡಿಕೆ ಮೊದಲೇ ಕಿವಿಗೆ ಬಿದ್ದಿದ್ದ ಸಾಹೇಬರು ನಾನು ಬಾಯಿ ತೆರೆಯುವ ಮೊದಲೇ ತೀರ್ಪು ಕೊಟ್ಟುಬಿಟ್ಟರು.

"ಟೌನಲ್ಲಾದ್ರೆ ಕಾಂಪೌಂಡ್ ಇದೆ. ಇಲ್ಲಿ ಓಪನ್ ಫೀಲ್ಡ್. ಕುರಿ ಚೆಲ್ಲಾಪಿಲ್ಲಿ ಆದ್ರೆ ನಮ್ಮ ಡಾಕ್ಟ್ರು ಸೂಜಿ ಹಿಡ್ಕೊಂಡು ರೇಸ್ ಓಡ್ಬೇಕಾ?"

ಜನ ನಕ್ಕರು. ಅಕ್ಕ ನಗಲಿಲ್ಲ.

ಮೈಕಿನ ಮುಂದೆ ನಿಂತು, ಬೇರೇನೂ ತೋಚದೆ, ಬಾಯಿಪಾಠ ಮಾಡಿದ್ದನ್ನೇ ತೆಗೆದೆ: "ಮಾನ್ಯ ಮಹನೀಯರೇ, ನನ್ನ ಪ್ರೀತಿಯ ಬಂಧುಗಳೇ."

ಮರಕ್ಕೆ ಕಟ್ಟಿದ್ದ ಲೌಡ್‌ಸ್ಪೀಕರ್ ಅದನ್ನು ಬಯಲಿಗೆಲ್ಲ ಸಾರಿತು. ಮೊದಲು ಕಂಡದ್ದು ಧೂಳು. ಧೂಳಿನಿಂದ ಟಗರು, ಟಗರಿನ ಹಿಂದೆ ನನ್ನ ಮಂದೆ, ಅವು ಓಡುವುದನ್ನು ಕಂಡು ಅಕ್ಕನ ಮಂದೆ, ಎಲ್ಲದರ ಹಿಂದೆ ಟವೆಲ್ ಬೀಸುತ್ತಾ ಯಜಮಾನರು. ಶಾಮಿಯಾನದಲ್ಲಿ ಕಾಲಿಡಲು ಜಾಗವಿಲ್ಲ. ಸಾಹೇಬರು ಬೂಟುಗಾಲನ್ನು ಕುರ್ಚಿಯ ಮೇಲೆತ್ತಿಕೊಂಡರು. ಟಗರು ಅವರ ಹಾರದಿಂದ ಸೇವಂತಿಗೆ ತಿನ್ನತೊಡಗಿತು. ಉಳಿದವೆಲ್ಲ ಬಕೆಟ್ ಎಲ್ಲಿ ಎಂದು ನನ್ನ ಮುಖವನ್ನೇ ನೋಡುತ್ತಿದ್ದವು.

"ಏನ್ರಿ ಇದು?" ಅಂದರು ಸಾಹೇಬರು.

"ಬಂಧುಗಳು ಬಂದವ್ರೆ ಸಾರ್," ಅಂದಳು ಅಕ್ಕ, ತಣ್ಣಗೆ. "ನಿಮ್ಮ ಡಾಕ್ಟ್ರು ಓಡೋದೇನೂ ಬ್ಯಾಡ. ಅಮ್ಮಾರು ಕರೀತಾರೆ, ಡಾಕ್ಟ್ರು ನಿಂತಲ್ಲೇ ಚುಚ್ಚಿದ್ರೆ ಆತು."

ನನಗೆ ಗಿಗಲ್ಸ್ ಹತ್ತಿತು. ಸ್ಕೂಲಿನ ಚಾಪೆಲ್ಲಿನಲ್ಲಿ ಪ್ರೇಯರ್ ಮಧ್ಯೆ ಹತ್ತುತ್ತಿದ್ದಂಥದ್ದೇ. ಮೈಕ್ ಆನ್ ಇದ್ದದ್ದರಿಂದ ಅದೂ ಊರಿಗೆಲ್ಲ ಕೇಳಿಸಿತು. ಕೊನೆಗೆ ಸಾಹೇಬರೂ ಸೋತು ನಕ್ಕರು. "ಆಯ್ತಮ್ಮ, ಡಾಕ್ಟ್ರನ್ನ ಇಲ್ಲಿಗೇ ಕಳಿಸ್ತೀನಿ. ಭಾಷಣಕ್ಕೆ ಮಾತ್ರ ನೀವೇ ನಿಲ್ಬೇಕು."

ನಿಂತೆ. ಆ ವರ್ಷ ಅಕ್ಕನ ಒಂದು ಮರಿಯೂ ಸೂಜಿಗಾಗಿ ಡಾಂಬರು ರಸ್ತೆ ತುಳಿಯಲಿಲ್ಲ.

ಅವತ್ತು ಸಭೆ ಮುಗಿದು ಹಿಂತಿರುಗುವಾಗ ಖುಷಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. "ಹೆಂಗಿತ್ತು ಅಕ್ಕಾ ನನ್ನ ಸ್ಪೀಚ್?" ಅಂದೆ.

"ಮೊದಲು ಹಿಂಡಿ ಹಾಕ್ರಿ. ಬರೀ ಮಾತಿಗೆ ಕರ್ದು ವಾಪಸ್ ಕಳಿಸಿದ್ರೆ ಇನ್ನೊಂದ್ಸಲ ಬರಲ್ಲ."

ಅಲ್ಲಿಂದ ಮುಂದೆ ಕುರಿಗಾರರ ಪರವಾಗಿ ಎಷ್ಟೋ ವೇದಿಕೆ ಹತ್ತಿದೆ. ಈಗ ಮಂದೆಯಿಲ್ಲ, ಅಕ್ಕನೂ ಇಲ್ಲ. ಯಾರಾದರೂ ಮೈಕ್ ಕೊಟ್ಟರೆ "ಬಂಧುಗಳೇ" ಎನ್ನುವಾಗ ಎಡಗೈ ಮಾತ್ರ ತನ್ನಷ್ಟಕ್ಕೆ ಬಕೆಟ್ಟಿನ ಹಿಡಿ ಹುಡುಕುತ್ತದೆ.