ಒಂದೇ ಥಾನಿನ ಅಂಗಿ

ಮದ್ದೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ಮಗಳನ್ನು ಓದಿಸಿದ ಹೊಂಬಾಳಮ್ಮ, ಗಂಡ ಹೋದ ಮೇಲೆ ಒಂದು ಸಿನಿಮಾವನ್ನೂ ನೋಡಿದವಳಲ್ಲ. ಟಿವಿಯಲ್ಲಿ ಹಳೆಯ ಹಾಡು ಬಂದರೆ ಎದ್ದು ಒಲೆಯ ಹತ್ತಿರ ಹೋಗಿಬಿಡುವಳು. ಮಗಳು ಕುಸುಮಳೋ ಸಿನಿಮಾ ಎಂದರೆ ಪ್ರಾಣ ಬಿಡುವವಳು. ಅದೂ ಒಬ್ಬನೇ ನಟನ ಸಿನಿಮಾ. ಅವಳ ಅಪ್ಪ ತಿಮ್ಮಯ್ಯ ಊರಿನಲ್ಲಿ ಆ ನಟನ ಅಭಿಮಾನಿಗಳ ಸಂಘಕ್ಕೆ ಕಾರ್ಯದರ್ಶಿಯಾಗಿದ್ದ.

ಈಗ ಆ ಅಭಿಮಾನಿಗಳೆಲ್ಲ ಸೇರಿ ಇಂಟರ್ನೆಟ್ಟಿನಲ್ಲಿ ಒಂದು ವಿಕಿ ಕಟ್ಟಿದ್ದರು. ವಿಕಿ ಎಂದರೆ ಎಲ್ಲರೂ ಬರೆಯುವ, ಎಲ್ಲರೂ ತಿದ್ದುವ ಪುಸ್ತಕವಂತೆ. ಒಂದೊಂದು ಚಿತ್ರಕ್ಕೆ ಒಂದೊಂದು ಪುಟ. ಅದನ್ನೆಲ್ಲ ಅಚ್ಚುಕಟ್ಟಾಗಿ ಜೋಡಿಸುವ ಕೆಲಸ ಕುಸುಮಳದು, ಮತ್ತೆ ಮಂಡ್ಯದ ಕಾಲೇಜಿನಲ್ಲಿ ಪಾಠ ಹೇಳುವ ಸ್ವರೂಪನದು. ಕುಸುಮ ಹೈಸ್ಕೂಲಿನ ಗುಮಾಸ್ತೆ. ಸಂಜೆ ಬಂದು ಕಾಫಿ ಕುಡಿದು ಲ್ಯಾಪ್‌ಟಾಪಿನ ಮುಂದೆ ಕೂತರೆ ಜನ ಕಳಿಸಿದ ಪ್ರಶ್ನೆಗಳನ್ನು ಜೋರಾಗಿ ಓದುವಳು.

“ಹೀರೋ ಬಾವಿಗಿಳಿದು ಕರು ಎತ್ತುತ್ತಾನೆ, ಆಮೇಲೆ ಅವನ ತಾಯಿ ಬೈಯುತ್ತಾಳೆ, ಚಿಕ್ಕಂದಿನಲ್ಲಿ ನೋಡಿದ್ದು, ಯಾವ ಚಿತ್ರ?” ಎಂದು ಓದಿ, “ಕರ ಎತ್ತಿದ್ರೆ ಯಾಕವ್ವ ಬೈತಾಳೆ?” ಎಂದು ಕೇಳುವಳು.

“ಒಸ ಪಂಚೆ ಉಟ್ಕಂಡು ಇಳ್ದಿದ್ನೇನೊ. ಒಗೆಯೋಳು ಅವಳು ತಾನೆ,” ಎನ್ನುವಳು ಹೊಂಬಾಳಮ್ಮ ಅವರೆಕಾಯಿ ಸುಲಿಯುತ್ತ.

ಕುಸುಮಳಿಗೆ ಅಪ್ಪ ಎಂದರೆ ಗೋಡೆಯ ಮೇಲಿನ ಫೋಟೋ, ಜೊತೆಗೆ ಅವ್ವ ಹೇಳಿದ ನಾಲ್ಕು ಒಳ್ಳೆಯ ಮಾತು. ನಿಮ್ಮಪ್ಪ ಚೆನ್ನಾಗಿ ಹಾಡುತ್ತಿದ್ದ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ಹೊಂಬಾಳಮ್ಮನ ಎಡಗೈ ಮೊಣಕೈ ಹತ್ತಿರ ಪೂರ್ತಿ ನೆಟ್ಟಗಾಗುವುದಿಲ್ಲ. ಅದು ಕಣದಲ್ಲಿ ಬಿದ್ದು ಮುರಿದದ್ದೆಂದೇ ಮಗಳು ತಿಳಿದಿದ್ದಳು. ಬಿದ್ದದ್ದಲ್ಲ. ಅನ್ನ ತಡವಾಯಿತೆಂದು ತಿಮ್ಮಯ್ಯ ಬಾಗಿಲ ಹಿಂದಕ್ಕೆ ಎಳೆದುಕೊಂಡು ತಿರುಚಿದ್ದು. ಅದು ಮೊದಲನೆಯದೂ ಅಲ್ಲ, ಮೂಳೆ ಮುರಿದದ್ದು ಮಾತ್ರ ಅದೇ ಮೊದಲು.

ಅವತ್ತು ಅವನು ಸಂಘದ ಹೊಸ ಅಂಗಿ ತೊಟ್ಟುಕೊಂಡು, ‘ಗಾಣದ ಗಂಗಣ್ಣ’ ಚಿತ್ರದ ಮೊದಲ ಆಟ ನೋಡಲು ಮಂಡ್ಯಕ್ಕೆ ಹೊರಟುಹೋಗಿದ್ದ. ಸುದ್ದಿ ತಿಳಿದು ಹೊಂಬಾಳಮ್ಮನ ಅಣ್ಣ ಮಳವಳ್ಳಿ ಕಡೆಯ ತವರಿನಿಂದ ಆಳುಗಳನ್ನು ಕಟ್ಟಿಕೊಂಡು ಬಂದ. ಸಿಕ್ಕರೆ ಕಾಲು ಮುರಿಯುತ್ತೇನೆ ಎಂದು ಜಗಲಿಯ ಮೇಲೆ ಕೂತ. ತಿಮ್ಮಯ್ಯ ಬರಲಿಲ್ಲ. ಆಷಾಢದ ದಿನ, ನಾಲೆಗೆ ನೀರು ಬಿಟ್ಟಿದ್ದರು. ಮೂರ್ನಾಲ್ಕು ದಿನ ಕಳೆದು ಯಲಿಯೂರಿನ ಕಡೆ ತೂಬಿಗೆ ಒಂದು ಹೆಣ ಸಿಕ್ಕಿಕೊಂಡಿತು. ಮುಖ ಮುಖವಾಗಿ ಉಳಿದಿರಲಿಲ್ಲ. ಅಂಗಿ ಉಳಿದಿತ್ತು: ಕಡು ಹಸಿರಿನ ಮೇಲೆ ಹಳದಿ ಗೆರೆ.

ಅಂಗಿ ನೋಡಿ ತಿಮ್ಮಯ್ಯನ ಅಕ್ಕ ಯಶೋದಮ್ಮ ಎದೆ ಬಡಿದುಕೊಂಡಳು. ಊರಿನ ಸಂಘದವರನ್ನೆಲ್ಲ ಕರೆದು ನೋಡಿದರು. ಹಸಿರು ಅಂಗಿಯವರೆಲ್ಲ ಇದ್ದರು, ತಿಮ್ಮಯ್ಯ ಒಬ್ಬನಿಲ್ಲ. ಇನ್ನೇನು ಬೇಕು? ಕೈಗೆ ಪಟ್ಟಿ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದ ಹೊಂಬಾಳಮ್ಮನಿಗೆ ಹೆಣ ತೋರಿಸಲಿಲ್ಲ. ಬಳೆ ಒಡೆದರು. ತಿಥಿ ಮುಗಿಸಿ ಅಣ್ಣ ಅವಳನ್ನೂ ಕೂಸನ್ನೂ ತವರಿಗೆ ಕರೆದೊಯ್ದ. ಆಮೇಲಿನದು ಹಾಸ್ಟೆಲಿನ ಅಡುಗೆಮನೆ, ಮಗಳ ಓದು, ಈ ಸಣ್ಣ ಮನೆ. ಯಾರೂ ಕೈ ಎತ್ತದ ಮನೆ.

ಹೀಗಿರುವಾಗ ಒಂದು ಸಂಜೆ ವಿಕಿಗೆ ಹಳೆಯ ಫೋಟೋ ಬಂತು. ಮಳವಳ್ಳಿಯಲ್ಲಿ ಈಗಿಲ್ಲದ ಒಂದು ಟಾಕೀಸಿನ ಮುಂದೆ ತೆಗೆದದ್ದು. ನಟನ ಕಟೌಟಿನಲ್ಲಿ ಸೊಂಟದಿಂದ ಕೆಳಗೆ ಮತ್ತು ಇಳಿಬಿಟ್ಟ ಒಂದು ಕೈ ಅಷ್ಟೇ ಕಾಣುತ್ತದೆ. ಪಾದದ ಹತ್ತಿರ ಹಾಲಿನ ಕೊಡ ಹಿಡಿದ ಗಂಡಸರು ಸಾಲಾಗಿ ನಿಂತಿದ್ದಾರೆ. ಫೋಟೋದ ಕೆಳಗೆ ಪ್ರಶ್ನೆ: ಇದು ಯಾವ ಚಿತ್ರ ಬಂದಾಗಿನದು, ತಿಳಿದವರು ಹೇಳಿ.

“ಅವ್ವ, ಇಲ್ ಬಾ. ಈ ಅಂಗಿ ನೋಡು,” ಎಂದಳು ಕುಸುಮ.

ಎಲ್ಲರ ಮೈಮೇಲೂ ಅದೇ ಹಸಿರು, ಅದೇ ಹಳದಿ ಗೆರೆ. ಹೊಂಬಾಳಮ್ಮ ಅಂಗಿಯನ್ನು ನೋಡಲಿಲ್ಲ. ಅವಳ ಕಣ್ಣು ಹೋಗಿ ನಿಂತದ್ದು ಎಡತುದಿಯ ಮುಖದ ಮೇಲೆ. ಕೊರಳಲ್ಲಿ ಹೂವಿನ ಹಾರ, ಒಂದು ಕಡೆಗೆ ಎಳೆದ ನಗು. ಆ ನಗು ಕಂಡಾಗಲೆಲ್ಲ ಅವಳು ಕೈಯಲ್ಲಿದ್ದ ಪಾತ್ರೆಯನ್ನು ಮೊದಲು ಕೆಳಗಿಡುತ್ತಿದ್ದಳು. ಈಗಲೂ ಅವರೆಕಾಯಿಯ ಮೊರ ನೆಲಕ್ಕಿಟ್ಟಳು.

“ಅಪ್ಪ ಕಣವ್ವ ಇದು,” ಎಂದಳು ಕುಸುಮ ಗೋಡೆಯ ಫೋಟೋದ ಕಡೆಗೊಮ್ಮೆ ನೋಡಿ.

ಹೊಂಬಾಳಮ್ಮ ಮೊರವನ್ನು ಅಲ್ಲೇ ಬಿಟ್ಟು ಒಲೆಯ ಹತ್ತಿರ ಹೋದಳು.

ಮಾರನೆಯ ದಿನ ಸ್ವರೂಪ್ ಫೋನು ಮಾಡಿದ. “ಅಕ್ಕ, ಚಿತ್ರ ಗೊತ್ತಾಯ್ತು. ಕಟೌಟಲ್ಲಿ ಮೊಣಕಾಲುದ್ದದ ಬೂಟ್ಸ್ ಅದೆ ನೋಡಿ. ಅದು ‘ಸೋಮವಾರದ ಸರದಾರ’. ‘ಗಾಣದ ಗಂಗಣ್ಣ’ ಬಂದ ವರ್ಷವೇ ದೀಪಾವಳಿಗೆ ಬಂದದ್ದು.”

ಕುಸುಮ ಫೋನನ್ನು ಕಿವಿಯಿಂದ ತೆಗೆದಳು. ಅಪ್ಪನನ್ನು ಸುಟ್ಟದ್ದು ಆಷಾಢದಲ್ಲಿ. ದೀಪಾವಳಿಯಲ್ಲಿ ಅವನು ಹಾರ ಹಾಕಿಕೊಂಡು ನಿಂತಿದ್ದಾನೆ.

“ಅವ್ವ, ಅಂಗಾದ್ರೆ ಅಪ್ಪ ಅವತ್ತು ಸತ್ತಿರ್ನಿಲ್ಲ. ಇವತ್ತೂ ಎಲ್ಲಾದ್ರೂ ಇರ್ಬೋದು ಅಲ್ವಾ?”

ಅಂದಿನಿಂದ ಹಾಡುಹಗಲೇ ಗೇಟಿಗೆ ಬೀಗ ಬಿತ್ತು. ಗ್ಯಾಸಿನವನು ಕೂಗಿದರೂ ಹೊಂಬಾಳಮ್ಮ ಕಿಟಕಿಯ ಸಂದಿನಿಂದ ನೋಡಿ ಆಮೇಲೆ ಬೀಗ ತೆಗೆಯುವಳು. ಸಂತೆಯಲ್ಲಿ ಬೆನ್ನು ತಿರುಗಿಸಿ ನಿಂತ ಮುದುಕರನ್ನು ಕಂಡರೆ ಅವರು ಈ ಕಡೆ ತಿರುಗುವವರೆಗೆ ಹೆಜ್ಜೆ ಏಳುತ್ತಿರಲಿಲ್ಲ. ಅವನಿಗೂ ಈಗ ವಯಸ್ಸಾಗಿರುತ್ತದೆ, ಕೈಯಲ್ಲಿ ಬಲ ಇರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮೊಣಕೈ ಅದನ್ನು ನಂಬಲಿಲ್ಲ.

ಸುದ್ದಿ ಕೇಳಿ ಯಶೋದಮ್ಮ ಕೋಲೂರಿಕೊಂಡು ಆಟೋದಲ್ಲಿ ಬಂದಿಳಿದಳು, ಕೈಯಲ್ಲಿ ಹೂವಿನ ಪೊಟ್ಟಣ.

“ಅಮ್ಮಿ, ಮುಡ್ಕೊ. ನನ್ ತಮ್ಮ ಬದುಕವ್ನೆ.”

“ನೋಡಾನ ಇರಿ ಅತ್ತಿಗೆ. ಇನ್ನೂ ಗೊತ್ತಾಗ್ಬೇಕಲ್ಲ.”

“ಏನ್ ಗೊತ್ತಾಗ್ಬೇಕು? ಕಣ್ಣಿಗ್ ಕಾಣ್ತಾ ಅವ್ನೆ. ಗಂಡ ಬದುಕವ್ನೆ ಅಂದ್ರೆ ದೆವ್ವ ಕಂಡೋಳಂಗೆ ಕೂತಿದ್ದೀಯಲ್ಲ. ಮುಂಡೆತನವೇ ಚೆಂದಾಗದೆ ಅಂತವಾ?”

“ಚೆಂದಾಗೇ ಅದೆ,” ಎಂದುಬಿಟ್ಟಳು ಹೊಂಬಾಳಮ್ಮ.

ತಿಮ್ಮಯ್ಯನ ಮನೆಯ ಬಾಗಿಲ ಹಿಂದೆ ಏನು ನಡೆಯುತ್ತಿತ್ತೆಂದು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ ಯಶೋದಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಹೂವನ್ನು ಜಗಲಿಯ ಮೇಲಿಟ್ಟು ಹೊರಟುಹೋದಳು.

ವಿಕಿಯಲ್ಲಿ ಜಗಳ ನಿಲ್ಲಲಿಲ್ಲ. ಬೂಟ್ಸು ನೋಡಿ ಚಿತ್ರ ಹೇಳಬಾರದು, ಕಟೌಟು ಬರೆಯುವವರು ಕಾಲು ಬದಲಿಸುವುದಿಲ್ಲ, ಹಳೆಯ ಹಲಗೆಯ ಮೇಲೆ ಮುಖ, ಕೈ, ಅಂಗಿ ಮಾತ್ರ ಹೊಸದಾಗಿ ಬರೆಯುತ್ತಾರೆ ಎಂದು ಮೈಸೂರಿನ ಒಬ್ಬ ಹಳೆಯ ಪೇಂಟರು ಬರೆದ. ಕೈ ನೋಡಿ, ಇದು ‘ಗಾಣದ ಗಂಗಣ್ಣ’ ಇರಬೇಕು ಎಂದ ಇನ್ನೊಬ್ಬ. ಹೊಂಬಾಳಮ್ಮ ದಿನವೂ ಸಂಜೆ ಮಗಳ ಬೆನ್ನ ಹಿಂದೆ ನಿಂತು, “ಏನಂತೆ? ಯಾವ್ದಂತೆ?” ಎಂದು ಕೇಳತೊಡಗಿದಳು. ಅವ್ವನಿಗೂ ಅಪ್ಪನ ಆಸೆ ಹತ್ತಿತೆಂದು ಕುಸುಮ ತಿಳಿದಳು. ಗಂಗಣ್ಣನೇ ಆಗಲಿ ತಾಯಿ, ಸರದಾರ ಆಗದಿರಲಿ ಎಂದು ಹೊಂಬಾಳಮ್ಮ ಮಾರಮ್ಮನಿಗೆ ಹರಕೆ ಹೊತ್ತಿದ್ದಳು.

ಕೊನೆಗೆ ಸ್ವರೂಪನೇ ಫೋಟೋವನ್ನು ದೊಡ್ಡದು ಮಾಡಿ ನೋಡಿ ತೀರ್ಮಾನ ಹೇಳಿದ. ಕಟೌಟಿನ ಕೈಯಲ್ಲಿರುವುದು ಕತ್ತಿಯ ಹಿಡಿಯಲ್ಲ, ಗಾಣದ ಎತ್ತಿನ ಮೂಗುದಾರ. ಚಿತ್ರ ‘ಗಾಣದ ಗಂಗಣ್ಣ’. ಅನುಮಾನವೇ ಇಲ್ಲ.

ಕುಸುಮಳ ಮುಖ ಬಾಡಿತು. ಆಮೇಲೆ ನಿಧಾನವಾಗಿ ತಿಳಿಯಾಯಿತು. “ಓಗ್ಲಿ ಬುಡವ್ವ. ಅವತ್ತು ಮಂಡ್ಯಕ್ಕೋಗ್ತೀನಿ ಅಂದೋನು ಮಳವಳ್ಳಿಗೆ ಓಗವ್ನೆ ಅಷ್ಟೆ. ಅಪ್ಪಂದು ಕೊನೇ ಫೋಟೋನಾದ್ರೂ ಸಿಕ್ತಲ್ಲ. ಎಷ್ಟು ನಗ್ತಾ ಅವ್ನೆ ನೋಡು.”

ಅಂದು ಹೊಂಬಾಳಮ್ಮ ಹೊಟ್ಟೆ ತುಂಬ ಮುದ್ದೆ ಉಂಡಳು. ಗೇಟಿನ ಬೀಗ ತೆಗೆದಳು. ಅವನು ಸತ್ತಿದ್ದಾನೆ, ಸುಟ್ಟದ್ದು ಅವನನ್ನೇ.

ಆ ನೆಮ್ಮದಿ ಮಾರನೆಯ ಬೆಳಿಗ್ಗೆ ಪಾತ್ರೆ ತೊಳೆಯುವವರೆಗೆ ಮಾತ್ರ ಇತ್ತು. ಬೀದಿಯಲ್ಲಿ ತರಕಾರಿಯವನು ಮೈಕಿನಲ್ಲಿ ಕೂಗುತ್ತ ಹೋದ. ಅದನ್ನು ಕೇಳುತ್ತಿದ್ದವಳಿಗೆ ತವರಿನ ಬೀದಿ ನೆನಪಾಯಿತು. ತಿಥಿ ಮುಗಿದು ತವರಿಗೆ ಹೋಗಿ ಗೌರಿ ಹಬ್ಬವೂ ಕಳೆದಿತ್ತು. ಕೈಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಗ ಎತ್ತಿನ ಗಾಡಿಯಲ್ಲಿ ಮೈಕು ಕಟ್ಟಿಕೊಂಡು ಟಾಕೀಸಿನವರು ಬಂದಿದ್ದರು: ನಿಮ್ಮ ಮಳವಳ್ಳಿಯಲ್ಲಿ ಇಂದಿನಿಂದ ‘ಗಾಣದ ಗಂಗಣ್ಣ’. ಗಂಡನನ್ನು ನುಂಗಿದ ಚಿತ್ರವೆಂದು ಅವಳು ಕೂಸನ್ನೆತ್ತಿಕೊಂಡು ಒಳಗೆ ಓಡಿ ಬಾಗಿಲು ಹಾಕಿಕೊಂಡಿದ್ದಳು.

ಆಗೆಲ್ಲ ಹಾಗೆಯೇ. ರೀಲಿನ ಡಬ್ಬಗಳು ಮೊದಲು ಮಂಡ್ಯದಲ್ಲಿ ಓಡಿ, ಆಮೇಲೆ ಮದ್ದೂರಿನಲ್ಲಿ ಓಡಿ, ಗೀರು ಬಿದ್ದು ಹಳತಾದ ಮೇಲೆ ಮಳವಳ್ಳಿಗೆ ಬರುವವು. ವಿಕಿಯಲ್ಲಿ ಒಂದು ಚಿತ್ರಕ್ಕೆ ಒಂದೇ ಬಿಡುಗಡೆಯ ದಿನ ಬರೆಯುವ ಕಟ್ಟಳೆ. ಕುಸುಮ ಆ ದಿನವನ್ನೇ ಫೋಟೋಕ್ಕೂ ಹಾಕಿದ್ದಳು. ಟಾಕೀಸು ಮಳವಳ್ಳಿಯದು. ಅಂದರೆ ತಾನು ಬಳೆ ಒಡೆಸಿಕೊಂಡು ಬಾಗಿಲು ಹಾಕಿಕೊಂಡು ಕೂತಿದ್ದಾಗ, ಕೂಗಳತೆಯ ಊರಿನಲ್ಲಿ, ಅಣ್ಣನಿಗೆ ಹೆದರಿ ಮನೆಗೆ ಬಾರದೆ ತಪ್ಪಿಸಿಕೊಂಡಿದ್ದ ಅವನು ಹಾರ ಹಾಕಿಕೊಂಡು ನಗುತ್ತ ನಿಂತಿದ್ದ.

ಪಾತ್ರೆಗಳನ್ನು ಅಲ್ಲೇ ಬಿಟ್ಟು ಹೋಗಿ ಗೇಟಿಗೆ ಮತ್ತೆ ಬೀಗ ಹಾಕಿದಳು.

ಇದು ತನಗೊಬ್ಬಳಿಗೇ ಗೊತ್ತು. ಬಾಯಿ ಮುಚ್ಚಿಕೊಂಡರೆ ತಿಮ್ಮಯ್ಯ ಸತ್ತೇ ಇರುತ್ತಾನೆ, ಮಗಳ ಪಾಲಿಗೆ ಒಳ್ಳೆಯವನಾಗಿಯೇ ಇರುತ್ತಾನೆ. ಹೇಳಿದರೆ ಇವಳು ಹೆಸರು ಹಾಕಿ ಹುಡುಕುತ್ತಾಳೆ, ಇಡೀ ನಾಡೇ ಹುಡುಕುತ್ತದೆ, ಒಂದು ದಿನ ಕರೆದುಕೊಂಡೂ ಬರುತ್ತದೆ. ಮುಚ್ಚಿಕೊಂಡಿರುವುದೇ ಸರಿ ಎಂದು ತೀರ್ಮಾನಿಸಿ ಆ ವಾರವೆಲ್ಲ ಹಾಗೆಯೇ ಇದ್ದಳು.

ಆದರೆ ಇನ್ನೊಂದು ಯೋಚನೆ ಬಂದು ಹತ್ತಿರ ಕೂತುಕೊಂಡಿತು. ತೂಬಿನಲ್ಲಿ ಸಿಕ್ಕವನು ಯಾರು? ಸುತ್ತಲ ಊರುಗಳ ಸಂಘದವರೆಲ್ಲ ಒಂದೇ ಥಾನಿನ ಬಟ್ಟೆ ತಂದು ಹೊಲಿಸಿದ್ದರೆಂದು ಫೋಟೋವೇ ಹೇಳುತ್ತಿತ್ತು. ಅಂದು ನಮ್ಮೂರಿನ ಅಂಗಿಗಳನ್ನಷ್ಟೇ ಎಣಿಸಿದರು. ಬೇರೆ ಊರಿನ ಹುಡುಗನೊಬ್ಬ ಆಟ ನೋಡಲು ಬಂದವನು ಮನೆಗೆ ಹೋಗಲಿಲ್ಲ. ಪಿತೃಪಕ್ಷದಲ್ಲಿ ವರ್ಷ ವರ್ಷವೂ ತಾನು ಎಡೆಯಿಟ್ಟದ್ದು ಅವನಿಗೆ, ಇನ್ನೊಬ್ಬನ ಹೆಸರು ಹೇಳಿ. ಅವನ ತಾಯಿ ಇದ್ದರೆ ಎಡೆಯಿಟ್ಟಿರಲಾರಳು. ಮಗ ಬರುತ್ತಾನೆಂದು ಇನ್ನೂ ಬಾಗಿಲು ನೋಡುತ್ತಿರುತ್ತಾಳೆ. ತಾನು ಯಾರೂ ಬರದಿರಲೆಂದು ಬಾಗಿಲು ನೋಡುವ ಹಾಗೆ.

ಭಾನುವಾರ ಊಟವಾದ ಮೇಲೆ ಕುಸುಮ ಪುಟ ಸಿದ್ಧಮಾಡಿ ಕರೆದಳು. “ಅವ್ವ, ಅಪ್ಪನ ಎಸ್ರು ಆಕಿ ಎಲ್ರಿಗೂ ಕಾಣೋ ಅಂಗೆ ಬುಡ್ತಾ ಇದ್ದೀನಿ. ಕೊನೆಯ ಚಿತ್ರ ಅಂತ ಬರ್ದಿದ್ದೀನಿ.”

“ಬುಡ್ಬೇಡ,” ಎಂದಳು ಹೊಂಬಾಳಮ್ಮ. “ಅದು ಕೊನೇದಲ್ಲ ಮಗ.”

ಮೈಕಿನ ಗಾಡಿಯ ಮಾತು ಹೇಳಿದಳು. ಕುಸುಮ ಕುರ್ಚಿಯಿಂದ ಎದ್ದೇಬಿಟ್ಟಳು. “ಅಂದ್ರೆ ಅಪ್ಪ ಬದುಕಿದ್ದ. ಇಷ್ಟ್ ದಿನ ಯಾಕವ್ವ ಏಳ್ನಿಲ್ಲ ನೀನು?”

“ಎದ್ರಿಕೆ ಕಣವ್ವ.”

“ಅಪ್ಪನ್ ಕಂಡ್ರೆ ಎಂತಾ ಎದ್ರಿಕೆ?”

ಹೊಂಬಾಳಮ್ಮ ಎಡಗೈಯನ್ನು ಮುಂದೆ ಚಾಚಿದಳು. ಎಷ್ಟು ಚಾಚಿದರೂ ಅದು ಅರ್ಧಕ್ಕೇ ನಿಂತಿತು. “ಇದು ಕಣದಲ್ ಬಿದ್ದಿದ್ದಲ್ಲ. ಅವತ್ತು ಅನ್ನ ಬೇಯೋದು ತಡ ಆಯ್ತು. ನೀನು ಅಳ್ತಿದ್ದೆ, ನಿನ್ನ ಎತ್ಕಂಡಿದ್ದೆ. ನಿನ್ನ ಚಾಪೆ ಮ್ಯಾಲೆ ಮಲಗ್ಸು ಅಂತ ಏಳಿ, ಆಮೇಲೆ ತಿರುಚ್ದ.”

ಕುಸುಮ ಗೋಡೆಯ ಫೋಟೋ ನೋಡಲಿಲ್ಲ. ಲ್ಯಾಪ್‌ಟಾಪಿನ ಫೋಟೋವನ್ನೂ ನೋಡಲಿಲ್ಲ. ಅವ್ವನ ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಅಪ್ಪನ ಹೆಸರಿದ್ದ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು.

“ಈಗೇನ್ ಬರೀಲಿ?”

ಹೊಂಬಾಳಮ್ಮ ಅದನ್ನು ವಾರವಿಡೀ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದಳು. “ಕೇಳು. ‘ಗಾಣದ ಗಂಗಣ್ಣ’ ಮಂಡ್ಯಕ್ಕೆ ಬಂದಾಗ, ಹಸಿರು ಅಂಗಿ ತೊಟ್ಕಂಡು ಮೊದಲ್ನೇ ಆಟಕ್ಕೆ ಓದೋನು ಯಾರಾದ್ರೂ ನಿಮ್ಮನೇಗೆ ಬರ್ದೇ ಉಳ್ದವ್ನಾ? ಉಳ್ದಿದ್ರೆ ಅವನಿಗೆ ಬೆಂಕಿ ಕೊಟ್ಟಾಯ್ತು, ಪಕ್ಷದಲ್ಲಿ ಎಡೆನೂ ಇಟ್ಟಾಯ್ತು, ಅನಾಥವಾಗಿ ಓಗಿಲ್ಲ. ಮದ್ದೂರಿಗೆ ಬಂದು ಕೇಳಿ. ಅಂಗಂತ ಬರಿ.”

ಕುಸುಮ ಬರೆದಳು. ಒತ್ತುವ ಮುಂಚೆ ಬೆರಳು ತಡೆಯಿತು. “ಅವ್ವ, ಇದನ್ನ ಅವ್ನೂ ನೋಡ್ಬೋದು. ಮದ್ದೂರು ಅಂತ ಬೇರೆ ಅದೆ.”

“ನೋಡ್ಬೋದು,” ಎಂದಳು ಹೊಂಬಾಳಮ್ಮ. “ಆ ತಾಯಿಗೆ ಎಲ್ಲಿಗ್ ಬರ್ಬೇಕು ಅಂತ ಗೊತ್ತಾಗ್ಬೇಕಲ್ಲವ್ವ. ಒತ್ತು.”

ಕುಸುಮ ಒತ್ತಿದಳು. ಪ್ರಶ್ನೆ ಪುಟದ ಮೇಲೆ ಬಂದು ನಿಂತಿತು, ಯಾವ ಚಿತ್ರ, ಯಾವ ಚಿತ್ರ ಎಂದು ಕೇಳುವ ನೂರಾರು ಪ್ರಶ್ನೆಗಳ ನಡುವೆ. ಹೊಂಬಾಳಮ್ಮ ಮಗಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ಮೊದಲು ಯಾರು ಉತ್ತರ ಬರೆಯುತ್ತಾರೋ, ಆ ತಾಯಿಯ ಕಡೆಯವರೋ ಅವನೋ, ಎಂಬ ಭಯದಲ್ಲಿ ಇಬ್ಬರೂ ಲ್ಯಾಪ್‌ಟಾಪಿನ ಬೆಳಕಿನಿಂದ ಕಣ್ಣು ತೆಗೆಯಲಿಲ್ಲ.