ಮನೆ ಬಿಡದ ವೈನಿ

ಅಣ್ಣನ ಹೆಂಡತಿ, ನನ್ನ ವೈನಿ, ಹಾವೇರಿಯ ನನ್ನ ಗಂಡನ ಮನೆಗೆ ಬಂದಾಗ ಆಕೆಯ ಎಡಗೈ ಊದಿಕೊಂಡಿತ್ತು. ಕುಪ್ಪೇಲೂರಿನಿಂದ ರಾಣೇಬೆನ್ನೂರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಅಣ್ಣ ಹೊಡೆಯುತ್ತಾನೆಂಬುದು ನಮಗೆಲ್ಲ ಗೊತ್ತಿತ್ತು. ಊರ ಹಿರಿಯರು ಕೂಡಿಸಿ ಬುದ್ಧಿ ಹೇಳಿದಾಗ ತಲೆಯಾಡಿಸಿದ್ದ, ಮನೆಗೆ ಬಂದು ಮತ್ತೆ ಹೊಡೆದಿದ್ದ.

"ತವರಿಗೆ ಹೋಗ್ತೀರೇನ್ ವೈನಿ?" ಎಂದೆ.

"ನಾ ಯಾಕ ಹೋಗ್ಲಿ? ಮದುವ್ಯಾದಾಗಿಂದ ಆ ಮನಿಗೆ ದುಡದೇನಿ. ನನ್ನ ಹೊಲಿಗಿ ಮಷಿನ್ ಅಲ್ಲೈತಿ, ಮಗಳ ಸಾಲಿ ಅಲ್ಲೈತಿ. ಹೊಡದಾವ್ರು ಹೊರಗ ಹೋಗ್ಲಿ."

ಹಾಗೆ ಕೇಳಬಹುದೆಂದೇ ನನಗೆ ಹೊಳೆದಿರಲಿಲ್ಲ. ದವಾಖಾನೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಇಬ್ಬರೂ ಮನೆಯೊಳಗಿನ ಹೊಡೆತ-ಬಡಿತದ ದೂರು ನೋಡುವ ಸಂರಕ್ಷಣಾಧಿಕಾರಿಯ ಬಳಿ ಹೋದೆವು. ಗಂಡ ಹೊಡೆಯಬಾರದು, ಮನೆಗೆ ಬರಬಾರದು ಎಂದು ಕೋರ್ಟು ಆದೇಶ ಮಾಡಬಹುದು, ಮೀರಿದರೆ ಪೊಲೀಸರು ಹಿಡಿಯುತ್ತಾರೆ ಎಂದು ಆ ಮೇಡಂ ಬಿಡಿಸಿ ಹೇಳಿದರು.

"ಡೈವೋರ್ಸ್ ಕೇಳದಿದ್ರೂ ಸಿಗತೈತೇನ್ರಿ?" ಎಂದು ವೈನಿ ಕೇಳಿದಳು. ಸಿಗುತ್ತದೆ ಎಂದರು. ವೈನಿ ಅಲ್ಲೇ ಅರ್ಜಿಗೆ ಸಹಿ ಹಾಕಿದಳು.

ರಾಣೇಬೆನ್ನೂರಿನ ಕೋರ್ಟಿಗೆ ಅಣ್ಣ ನಮ್ಮ ಅವ್ವನನ್ನೇ ಸಾಕ್ಷಿಗೆ ಕರೆತಂದಿದ್ದ. ಕುಪ್ಪೇಲೂರಿನ ಮನೆ ಅವ್ವನ ಹೆಸರಿನಲ್ಲಿತ್ತು, ಅವ್ವ ಅವರ ಜೊತೆ ಅಲ್ಲೇ ಇದ್ದಳು, ಹೆತ್ತ ತಾಯಿ ತನ್ನ ಕಡೆಯೇ ಹೇಳುತ್ತಾಳೆಂದು ನಂಬಿದ್ದ. ಅವ್ವ ಸೆರಗು ಹೊದ್ದು ನಿಂತಳು.

"ಅಂವ ನನ್ನ ಮಗ, ಖರೇರಿ. ಆದ್ರ ಇಕಿ ಕೈ ತಿರುವಿದ್ದು ನಾ ನೋಡೇನಿ. ಬಿಡಸಾಕ ಹೋದ್ರ ನನ್ನೂ ನೂಕಿದ. ನನ್ನ ಸೊಸಿ ನನ್ನ ಮನ್ಯಾಗ ಇರ್ಲಿ."

ಅವ್ವ ಹೊರಗೆ ಬಂದಳು. ವೈನಿ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂರಿಸಿ, "ಅತ್ತಿ, ನೀರ ಕುಡೀರಿ," ಎಂದಳು. ಇಬ್ಬರೂ ಅಳಲಿಲ್ಲ. ಅತ್ತದ್ದು ನಾನೊಬ್ಬಳೇ.

ಆದೇಶ ಬಂತು. ಅಣ್ಣ ತಾನು ಕೆಲಸ ಮಾಡುವ ಬ್ಯಾಡಗಿಯಲ್ಲಿ ಬಾಡಿಗೆ ಕೋಣೆ ಹಿಡಿದ. ಒಂದು ಸಂಜೆ ಮಾತ್ರ ಬೈಕಿನಲ್ಲಿ ಬಂದು ಬಾಗಿಲು ಒದ್ದ. ವೈನಿ ಒಳಗಿನಿಂದ ಚಿಲಕ ಹಾಕಿ ಠಾಣೆಗೆ ಫೋನ್ ಮಾಡಿದಳು. ಪೊಲೀಸರು ಅಂಗಳದಿಂದಲೇ ಅವನನ್ನು ಕರೆದೊಯ್ದರು.

ಗಂಡನನ್ನು ಹಿಡಿದುಕೊಟ್ಟಳೆಂದು ಓಣಿಯೆಲ್ಲ ಗುಸುಗುಸು. ಮರುದಿನ ಬ್ಲೌಸಿನ ಬಟ್ಟೆ ಹಿಡಿದು ಬಂದ ನೆರೆಮನೆಯಾಕೆ, "ಎಷ್ಟಾದ್ರೂ ಗಂಡ ಅಲ್ಲೇನವಾ?" ಎಂದು ಶುರು ಮಾಡಿದಳು. ವೈನಿ ಟೇಪು ಕೈಗೆತ್ತಿಕೊಂಡು, "ಅಳತಿ ಕೊಡಾಕ ಬಂದೀರೋ, ಬುದ್ಧಿ ಹೇಳಾಕ ಬಂದೀರೋ?" ಎಂದಳು. ಆಕೆ ಅಳತೆಗೆ ಕೈ ಎತ್ತಿ ನಿಂತಳಂತೆ.

ಜಾಮೀನಿನ ಮೇಲೆ ಹೊರಬಂದ ಅಣ್ಣ ಮತ್ತೆ ಆ ಕಡೆ ಸುಳಿದಿಲ್ಲ. ಮಗಳನ್ನು ನೋಡಬೇಕೆನಿಸಿದಾಗ ಹಾವೇರಿಗೆ ನಮ್ಮ ಮನೆಗೆ ಬರುತ್ತಾನೆ, ಹುಡುಗಿಯನ್ನು ನಾನೇ ಕರೆತಂದಿರುತ್ತೇನೆ.

ಕಳೆದ ವಾರ ಕುಪ್ಪೇಲೂರಿಗೆ ಹೋಗಿದ್ದೆ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಅವ್ವನೂ ವೈನಿಯೂ ದನಿ ಎತ್ತಿ ವಾದಿಸುತ್ತಿದ್ದರು. ಪಕ್ಕದಲ್ಲೇ ಹುಡುಗಿ ತಲೆಯೆತ್ತದೆ ಲೆಕ್ಕ ಬಿಡಿಸುತ್ತಿದ್ದಳು. ಆ ಮನೆಯಲ್ಲಿ ಯಾರೂ ಹೆದರದ ಜಗಳವನ್ನು ನಾನು ಕೇಳಿದ್ದು ಅದೇ ಮೊದಲು.