ಆಶಾಲತಾ ಆಂಟಿಯ ‘ಯಾ, ಯಾ’

ಉಡುಪಿಯ ಆಶಾಲತಾ ಆಂಟಿ ಸ್ಯಾನ್ ಮಟಿಯೋದ ತಮ್ಮ ಮನೆಯಲ್ಲೇ ಮೂರು ವರ್ಷಗಳಿಂದ ಡೇಕೇರು ನಡೆಸುತ್ತಿದ್ದಾರೆ. ಆರು ಮಕ್ಕಳು. ಗಂಜಿ ತಿನ್ನಿಸುತ್ತಾರೆ, ತುಳುವಿನಲ್ಲಿ ಗದರುತ್ತಾರೆ. ನನ್ನ ಮಗಳು ಗಾರ್ಗಿ ಮಧ್ಯಾಹ್ನ ನಿದ್ದೆ ಮಾಡುವುದು ಅಲ್ಲಿ ಮಾತ್ರ. ನನಗೆ ಅಷ್ಟೇ ಸಾಕಿತ್ತು.

ಎದುರಿಗಿರುವವರು ಮಾತಾಡುತ್ತಿದ್ದರೆ ಆಂಟಿ ಹೂಂಗುಟ್ಟಲೇಬೇಕು. ಸುಮ್ಮನೆ ಕೂತರೆ ಅಗೌರವ ಎಂದು ನಂಬಿ ಬೆಳೆದವರು. ಇಂಗ್ಲಿಷಿನಲ್ಲಿ ‘ಹೂಂ’ಗೆ ಏನನ್ನಬೇಕೆಂದು ಕೇಳಿದಾಗ, “ಯಾ ಯಾ ಅನ್ನಿ ಆಂಟಿ, ಸಾಕು” ಎಂದು ಹೇಳಿಕೊಟ್ಟವಳು ನಾನೇ.

ಕಳೆದ ಗುರುವಾರ ಸಂಜೆ ಗಾರ್ಗಿಯನ್ನು ಕರೆತರಲು ಹೋದೆ. ಲೈಸೆನ್ಸು ತಪಾಸಣೆಗೆ ಬಂದ ಅಧಿಕಾರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಯಾರೋ ದೂರು ಕೊಟ್ಟಿದ್ದರಂತೆ.

“ನೀವು ಅಡುಗೆ ಮಾಡುವಾಗ ಮಕ್ಕಳು ಹಿತ್ತಲಲ್ಲಿರುತ್ತಾರೆ,” ಎಂದಳು ಇಂಗ್ಲಿಷಿನಲ್ಲಿ.

“ಯಾ, ಯಾ.”

“ನೋಡಿಕೊಳ್ಳಲು ದೊಡ್ಡವರು ಯಾರೂ ಇರುವುದಿಲ್ಲ.”

“ಯಾ.”

ಅವಳು ಟೈಪ್ ಮಾಡಿದಳು. ಆಂಟಿ, ಮುಂದೆ ಹೇಳು ಎನ್ನುವಂತೆ ತಲೆಯಾಡಿಸಿದರು. ನಾನು ಮೇಜಿನ ಹತ್ತಿರ ಧಾವಿಸಿದೆ.

“ಅವರು ಒಪ್ಪಿಕೊಳ್ತಿಲ್ಲ, ಕೇಳಿಸಿಕೊಳ್ತಿದ್ದಾರೆ ಅಷ್ಟೆ!” ಎಂದೆ. “ಹಿತ್ತಲಲ್ಲಿ ಅವರ ಗಂಡ ಇದ್ದೇ ಇರ್ತಾರೆ.”

“ನಿಮ್ಮ ಹೇಳಿಕೆ ಬೇರೆ ಬರೆದುಕೊಳ್ಳುತ್ತೇನೆ,” ಎಂದಳು, ನಯವಾಗಿಯೇ.

ಆಗ ಆಂಟಿಗೆ ಗಾಬರಿಯಾಯಿತು. “ನೋ, ನೋ! ಹಸ್ಬೆಂಡ್ ದೇರ್!”

ಆದರೆ ಬರೆದದ್ದು ಅಳಿಯಲಿಲ್ಲ. ವಿಚಾರಣೆ ಮುಗಿಯುವವರೆಗೆ, ಸೋಮವಾರದಿಂದ ಡೇಕೇರು ಬಂದ್ ಎಂದು ಹೇಳಿ ಹೋದಳು.

“ಅಷ್ಟು ಮಾತಾಡ್ತಾ ಇದ್ಳು, ನಾನು ಬಾಯಿ ಹೊಲ್ಕೊಂಡು ಕೂತ್ಕೊಳ್ಳುದಾ ಮಾರಾಯ್ತಿ?”

“ಹಾಗಲ್ಲ ಆಂಟಿ...”

“ಮತ್ತೆಂತ? ನೀನೇ ಅಲ್ವಾ ಹೇಳಿಕೊಟ್ಟದ್ದು?”

ಬೈಯಲಿಲ್ಲ, ನೆನಪಿಸಿದರು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಗಾರ್ಗಿ ಶೂ ಹಾಕಿಸಿಕೊಳ್ಳದೆ, “ಐ ವಾಂಟ್ ಟು ಸ್ಟೇ!” ಎಂದು ಕಿರುಚುತ್ತಿದ್ದಳು.

ಶುಕ್ರವಾರ ಆ ಆಫೀಸಿಗೆ ನಾಲ್ಕು ಪುಟದ ಪತ್ರ ಈಮೇಲ್ ಮಾಡಿದೆ. ಹೂಂಗುಟ್ಟುವುದೆಂದರೇನು ಎಂದು ಬರೆಯಲು ಹೋದರೆ, ನನಗೇ ಅದು ನೆವ ಹೇಳಿದಂತೆ ಕಂಡಿತು. ‘ತಲುಪಿದೆ, ಆರು ವಾರ ಕಾಯಿರಿ’ ಎಂಬ ಉತ್ತರ ಬಂತು. ಅಷ್ಟರಲ್ಲಿ ಇಬ್ಬರು ಮಕ್ಕಳ ಅಪ್ಪ-ಅಮ್ಮಂದಿರು ಬೇರೆ ಕಡೆ ಸೀಟು ಹಿಡಿದಾಗಿತ್ತು. ನಾವೆಲ್ಲ ಹೋದರೆ ಆಂಟಿಗೆ ಮತ್ತೆ ತೆರೆಯಲು ಮಕ್ಕಳೆಲ್ಲಿ? ಗೊತ್ತು. ಆದರೆ ಸೋಮವಾರ ನನಗೂ ಆಫೀಸು.

ಭಾನುವಾರ ಲಾಸ್ ಆಲ್ಟೋಸ್‌ನ ಒಂದು ಡೇಕೇರಿನ ಅರ್ಜಿ ತುಂಬಿದೆ. ಕಳಿಸುವ ಮೊದಲು ಆಂಟಿಗೆ ಫೋನ್ ಮಾಡಿ ಹೇಳಬೇಕು ಎಂದುಕೊಂಡೆ. ಏನಂತ ಹೇಳಲಿ? ಎರಡು ಸಲ ಅವರ ನಂಬರು ತೆಗೆದೆ.

ಹೇಳದೆಯೇ ಕಳಿಸಿಬಿಟ್ಟೆ.